ಪೆಟ್ಟಿಗೆಗಳ ಮೊತ್ತವೇ ತಂತ್ರಾಂಶವೆ?

ತಂತ್ರಾಂಶವೊಂದನ್ನು ಹತ್ತಾರು ಸಣ್ಣ ಸೇವೆಗಳಾಗಿ ಒಡೆದು, ಒಂದೊಂದನ್ನೂ ಒಂದೊಂದು ಕಂಟೇನರಿನಲ್ಲಿ ಕಟ್ಟಿ, ಆ ಕಂಟೇನರುಗಳನ್ನೆಲ್ಲ ಕುಬರ್ನೆಟಿಸ್ ಎಂಬ ಮೇಲ್ವಿಚಾರಕ ವ್ಯವಸ್ಥೆಯ ವಶಕ್ಕೆ ಒಪ್ಪಿಸಿಬಿಟ್ಟರೆ, ಅದನ್ನು ಜನರ ಬಳಕೆಗೆ ಇಳಿಸುವ ಕಾರ್ಯದಲ್ಲಿ ಚಿಂತಿಸತಕ್ಕದ್ದು ಹೆಚ್ಚೇನೂ ಉಳಿಯುವುದಿಲ್ಲವೆಂಬುದು ಇಂದಿನ ತಂತ್ರಜ್ಞ ಸಮುದಾಯದಲ್ಲಿ ಬಹುಮಟ್ಟಿಗೆ ಸರ್ವಸಮ್ಮತವಾದ ಮತವಾಗಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಕೆಲಸ ಬಯಸಿ ಬರುವ ತರುಣನು ಈ ಮತವನ್ನು ಪರೀಕ್ಷಿಸಿದ್ದಾನೆಯೆ ಎಂದು ಯಾರೂ ಕೇಳುವುದಿಲ್ಲ. ಅಂಗೀಕರಿಸಿದ್ದಾನೆಂದು ಮೊದಲೇ ಭಾವಿಸಿಕೊಂಡು, ಅದರ ಉಪಕರಣಗಳಲ್ಲಿ ಅವನಿಗೆ ಎಷ್ಟು ಕೈ ಪಳಗಿದೆಯೆಂಬುದನ್ನಷ್ಟೇ ವಿಚಾರಿಸುತ್ತಾರೆ. ಹತ್ತು ಜನ ಸೇರಿ ಕಟ್ಟುತ್ತಿರುವ, ದಿನಕ್ಕೆ ಕೆಲವು ಸಾವಿರ ಮಂದಿ ಮಾತ್ರ ಬಳಸಬಹುದಾದ ತಂತ್ರಾಂಶಕ್ಕೂ ಮೊದಲ ವಾರದಲ್ಲಿಯೇ ಈ ಒಡೆಯುವ ದೀಕ್ಷೆ ನಡೆದುಹೋಗುತ್ತದೆ. ಒಂದಾಗಿಯೇ ಕಟ್ಟೋಣವೆಂದವನ ಮಾತು ಹಳೆಯ ಕಾಲದ್ದೆಂದು ಬದಿಗೆ ಸರಿಯುತ್ತದೆ. ಈ ಮತದಲ್ಲಿ ಸತ್ಯಾಂಶವಿದೆ. ಆದರೆ ಆ ಸತ್ಯಾಂಶವು ಒಂದು ಕಡೆ ಇದ್ದು, ಅದರಿಂದ ಜನರು ಎಳೆದಿರುವ ನಿರ್ಣಯವು ಬೇರೊಂದು ಕಡೆ ಇರುವುದೆಂದು ನನ್ನ ದೃಢವಾದ ಅಭಿಪ್ರಾಯ.

ಪೂರ್ವಪಕ್ಷಕ್ಕೆ ಸಲ್ಲತಕ್ಕ ಮರ್ಯಾದೆಯನ್ನು ಮೊದಲು ಸಲ್ಲಿಸೋಣ. ಕಂಟೇನರಿನ ಹಿಂದಿರುವ, ಒಂದು ಪ್ರೋಗ್ರಾಮನ್ನು ಅದರ ನೆರೆಹೊರೆಯಿಂದ ಬೇರ್ಪಡಿಸಿ ಓಡಿಸುವ ಪ್ರಯತ್ನವು ಹೊಸದಲ್ಲ. 1979ರಲ್ಲಿ ಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿಯೇ ಪ್ರೋಗ್ರಾಮಿನ ಕಣ್ಣಿಗೆ ಕಾಣುವ ಕಡತಗಳ ಮೂಲಸ್ಥಾನವನ್ನು ಬದಲಿಸುವ ಸೌಕರ್ಯವಿದ್ದಿತು. 2000ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯು ಅದನ್ನು ಜೈಲ್ ಎಂಬ ಹೆಸರಿನಿಂದ ಬಲಪಡಿಸಿತು. ಗೂಗಲ್ಲಿನ ಇಂಜಿನಿಯರುಗಳು 2006ರಲ್ಲಿ ಆರಂಭಿಸಿದ ಸಿಗ್ರೂಪ್ ಎಂಬ ಏರ್ಪಾಡು 2008ರಲ್ಲಿ ಲಿನಕ್ಸ್ ಕರ್ನೆಲ್ಲಿನೊಳಕ್ಕೆ ಸೇರಿ, ಯಾವ ಪ್ರೋಗ್ರಾಮು ಎಷ್ಟು ಮೆಮೊರಿಯನ್ನೂ ಎಷ್ಟು ಪ್ರೊಸೆಸರ್ ಕಾಲವನ್ನೂ ಬಳಸಬಹುದೆಂಬುದಕ್ಕೆ ಎಲ್ಲೆ ಕಟ್ಟಿತು. 2013ರ ಮಾರ್ಚ್ ತಿಂಗಳಲ್ಲಿ ಸಾಲೊಮನ್ ಹೈಕ್ಸ್ ಅವರು ಪೈಕಾನ್ ಸಮ್ಮೇಳನದ ಒಂದು ಕಿರುಭಾಷಣದಲ್ಲಿ ಡಾಕರ್ ಎಂಬ ಕಂಟೇನರ್ ಉಪಕರಣವನ್ನು ಪ್ರದರ್ಶಿಸಿದಾಗ ಅದರಲ್ಲಿ ಹೊಸದಾಗಿ ಕಂಡದ್ದು ಕಟ್ಟುವ ವಿಧಾನ: ಪ್ರೋಗ್ರಾಮು, ಅದಕ್ಕೆ ಬೇಕಾದ ಲೈಬ್ರರಿಗಳು, ಆ ಲೈಬ್ರರಿಗಳಿಗೆ ಬೇಕಾದ ಕಡತಗಳು, ಎಲ್ಲವೂ ಪದರಪದರವಾಗಿ ಕೂಡಿದ ಒಂದು ಇಮೇಜ್, ಮತ್ತು ಆ ಇಮೇಜನ್ನು ಯಾವ ಲಿನಕ್ಸ್ ಯಂತ್ರಕ್ಕಾದರೂ ಎಳೆದುಕೊಂಡು ಓಡಿಸಬಲ್ಲ ಸರಳವಾದ ಆಜ್ಞೆ. "ನನ್ನ ಯಂತ್ರದಲ್ಲಿ ಓಡುತ್ತದೆ, ಸರ್ವರಿನಲ್ಲೇಕೆ ಓಡುವುದಿಲ್ಲವೋ ತಿಳಿಯದು" ಎಂಬ ಗೋಳು ಅಂದಿನಿಂದ ಗಣನೀಯವಾಗಿ ಕಡಿಮೆಯಾಯಿತು. ಇದು ಮಹದುಪಕಾರ, ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ದೋಷವು ಹುಟ್ಟುವುದು ಒಂದರಿಂದ ಹಲವಕ್ಕೆ ನೆಗೆಯುವ ಜಾಗದಲ್ಲಿ. ಒಂದು ಪ್ರೋಗ್ರಾಮನ್ನು ಕಟ್ಟುವುದಕ್ಕೆ ಇಷ್ಟು ಸೊಗಸಾದ ಉಪಾಯವಿರುವಾಗ, ಹಲವು ಪ್ರೋಗ್ರಾಮುಗಳು ಕೂಡಿದ ತಂತ್ರಾಂಶವನ್ನೂ ಅದೇ ಉಪಾಯದಿಂದ ಕಟ್ಟಬಹುದೆಂದೂ, ಅಷ್ಟಕ್ಕೇ ನಿಲ್ಲದೆ, ಒಂದಾಗಿರುವುದನ್ನು ಹಲವಾಗಿ ಒಡೆದರೆ ಕಟ್ಟುವ ಕೆಲಸ ಇನ್ನಷ್ಟು ಹಗುರವಾಗುವುದೆಂದೂ ಜನರು ನಂಬಿದರು. ಈ ನಂಬಿಕೆಗೆ ಪೋಷಣೆ ದೊರೆತದ್ದು ಹಡಗಿನ ಕಂಟೇನರಿನ ಉಪಮಾನದಿಂದ. ಡಾಕರಿನ ಲಾಂಛನದಲ್ಲಿರುವ ತಿಮಿಂಗಿಲವು ಬೆನ್ನ ಮೇಲೆ ಹೊತ್ತಿರುವುದು ಆ ಪೆಟ್ಟಿಗೆಗಳನ್ನೇ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿಯ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಜಗತ್ತಿನ ಸರಕುಸಾಗಣೆಯ ರೀತಿಯೇ ಅಲ್ಲಿಂದ ಮಾರ್ಪಟ್ಟಿತೆಂಬುದು ನಿಜ. ಆದರೆ ಆ ಹಡಗಿನಲ್ಲಿ ಒಂದು ಪೆಟ್ಟಿಗೆಯ ಸರಕು ಪಕ್ಕದ ಪೆಟ್ಟಿಗೆಯ ಸರಕಿನೊಡನೆ ಮಾತನಾಡಬೇಕಾಗಿರಲಿಲ್ಲ; ತಮ್ಮತಮ್ಮೊಳಗೆ ಯಾವ ಸಂಬಂಧವೂ ಇಲ್ಲದಿದ್ದುದರಿಂದಲೇ ಅವುಗಳನ್ನು ಹೇಗೆ ಬೇಕಾದರೂ ಪೇರಿಸಬಹುದಾಗಿದ್ದಿತು, ಒಂದು ಪೆಟ್ಟಿಗೆ ತಡವಾಗಿ ಬಂದರೆ ಉಳಿದವು ಕೆಡುತ್ತಿರಲಿಲ್ಲ. ತಂತ್ರಾಂಶದ ಪೆಟ್ಟಿಗೆಗಳಾದರೋ ಕ್ಷಣಕ್ಷಣಕ್ಕೂ ಪರಸ್ಪರ ಪ್ರಶ್ನಿಸುತ್ತ, ಉತ್ತರಕ್ಕಾಗಿ ಕಾಯುತ್ತ, ಉತ್ತರ ಬಾರದಿದ್ದರೆ ಮತ್ತೆ ಕೇಳುತ್ತ, ಒಂದರ ನುಡಿಯನ್ನು ಇನ್ನೊಂದು ಅರ್ಥಮಾಡಿಕೊಳ್ಳಬೇಕಾದ ನಿರ್ಬಂಧದಲ್ಲಿ ಬಾಳುತ್ತವೆ. ಆ ಸಂಭಾಷಣೆಯಲ್ಲಿಯೇ ತಂತ್ರಾಂಶದ ಜೀವವಿರುವುದು. ಗೋಡೆಯ ಒಳಗಿರುವುದನ್ನು ಕಟ್ಟಬಲ್ಲ ಉಪಾಯವು ಗೋಡೆಗಳ ನಡುವೆ ನಡೆಯುವುದನ್ನು ಕಟ್ಟಲಾರದು. ವ್ಯಷ್ಟಿಯನ್ನು ಕಟ್ಟಿ ಸಮಷ್ಟಿಯನ್ನು ಕಟ್ಟಿದೆವೆಂದು ತಿಳಿಯುವುದೇ ಇಲ್ಲಿನ ಮೂಲ ಭ್ರಾಂತಿ.

ಮಾತು ಗಾಳಿಯಲ್ಲಿ ನಿಲ್ಲಬಾರದಾದುದರಿಂದ ಅತಿ ಸಾಮಾನ್ಯವಾದ ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ: ಒಂದು ವೆಬ್ ಸೇವೆ, ಅದರ ಹಿಂದೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಇವೆರಡನ್ನೂ, ಹಲವು ಕಂಟೇನರುಗಳನ್ನು ಒಟ್ಟಿಗೆ ಎಬ್ಬಿಸುವ ಡಾಕರ್ ಕಂಪೋಸ್ ಎಂಬ ಉಪಕರಣದ ಒಂದು ಯಾಮಲ್ ಕಡತದಲ್ಲಿ ಬರೆದು, ವೆಬ್ ಸೇವೆಯು ಡೇಟಾಬೇಸನ್ನು ಅವಲಂಬಿಸಿದೆಯೆಂದು 'ಡಿಪೆಂಡ್ಸ್ ಆನ್' ಎಂಬ ಸಾಲಿನಿಂದ ಸೂಚಿಸುತ್ತೇವೆ. ಓದಿದವರಿಗೆಲ್ಲ ಕಾರ್ಯ ಮುಗಿಯಿತೆಂದು ತೋರುತ್ತದೆ. ಆದರೆ ಆ ಸಾಲು ತನ್ನ ಸರಳ ರೂಪದಲ್ಲಿ ಹೇಳುವುದು ಡೇಟಾಬೇಸಿನ ಕಂಟೇನರ್ ಮೊದಲು ಆರಂಭವಾಗಲೆಂದಷ್ಟೆ. ಆ ಕಂಟೇನರಿನೊಳಗಿನ ಡೇಟಾಬೇಸು ಉತ್ತರ ಕೊಡುವ ಸ್ಥಿತಿಗೆ ಬಂದಿದೆಯೆ ಎಂದು ಅದು ವಿಚಾರಿಸುವುದಿಲ್ಲ. ಹಾಗೆ ವಿಚಾರಿಸಿ ಕಾಯುವ ಷರತ್ತು ಮೊದಲು ಇದ್ದು, ಕಂಪೋಸ್ ಕಡತದ ಮೂರನೆಯ ಆವೃತ್ತಿಯಲ್ಲಿ ಕೈಬಿಟ್ಟುಹೋಗಿ, 2020ರಲ್ಲಿ ಪ್ರಕಟವಾದ ಕಂಪೋಸ್ ಸ್ಪೆಸಿಫಿಕೇಶನ್ನಿನ ಬಳಿಕ ಮರಳಿ ಬಂದಿತು. ನಡುವಣ ವರ್ಷಗಳಲ್ಲಿ ತಂಡತಂಡವೂ ಡೇಟಾಬೇಸಿನ ಪೋರ್ಟು ತೆರೆಯುವ ತನಕ ಕಾಯುವ ಶೆಲ್ ಸ್ಕ್ರಿಪ್ಟೊಂದನ್ನು ತಾನೇ ಅಂಟಿಸಿಕೊಳ್ಳಬೇಕಾಯಿತು. ಷರತ್ತು ಮರಳಿದ ಮೇಲಾದರೂ ನೆಮ್ಮದಿಯುಂಟೆ? ಪೋಸ್ಟ್‌ಗ್ರೆಸಿನ ಅಧಿಕೃತ ಇಮೇಜು ಖಾಲಿ ಡೈರೆಕ್ಟರಿಯ ಮೇಲೆ ಮೊಟ್ಟಮೊದಲ ಸಲ ಎದ್ದಾಗ, ನಾವು ಕೊಟ್ಟ ಆರಂಭದ ಸ್ಕ್ರಿಪ್ಟುಗಳನ್ನು ನಡೆಸುವುದಕ್ಕಾಗಿ ತಾತ್ಕಾಲಿಕವಾದ ಸರ್ವರೊಂದನ್ನು ಎಬ್ಬಿಸಿ, ಕೆಲಸ ಮುಗಿದ ಬಳಿಕ ಅದನ್ನು ನಿಲ್ಲಿಸಿ, ಅನಂತರ ನಿಜವಾದ ಸರ್ವರನ್ನು ಎಬ್ಬಿಸುತ್ತದೆ. ಆ ತಾತ್ಕಾಲಿಕ ಸರ್ವರು ನೆಟ್‌ವರ್ಕಿನ ಕರೆಗೆ ಓಗೊಡುವುದಿಲ್ಲ. ಕಂಟೇನರಿನ ಒಳಗಿನಿಂದಲೇ ಯೂನಿಕ್ಸ್ ಸಾಕೆಟ್ಟಿನ ಮೂಲಕ ಕ್ಷೇಮ ವಿಚಾರಿಸುವ ಪರೀಕ್ಷೆಗೆ ಮಾತ್ರ 'ಸಿದ್ಧ' ಎಂದು ಉತ್ತರಿಸುತ್ತದೆ. ಆ ಉತ್ತರವನ್ನು ನಂಬಿ ವೆಬ್ ಸೇವೆ ಏಳುತ್ತದೆ, ಬಾಗಿಲು ತಟ್ಟುತ್ತದೆ. ಬಾಗಿಲು ಇನ್ನೂ ತೆರೆದಿಲ್ಲ. ಎರಡು ಇಮೇಜುಗಳಲ್ಲಿ ಯಾವುದರಲ್ಲಿಯೂ ದೋಷವಿಲ್ಲ, ಬರೆದ ಕಡತದಲ್ಲಿ ತಪ್ಪಿಲ್ಲ, ಕ್ಷೇಮಪರೀಕ್ಷೆಯೂ ತಾನು ಕಂಡದ್ದನ್ನೇ ಹೇಳಿದೆ. ಆದರೂ ತಂತ್ರಾಂಶ ನೆಲಕಚ್ಚಿದೆ.

ಆರಂಭದ ಕ್ರಮ ಕೆಟ್ಟರೆ ಮತ್ತೊಮ್ಮೆ ಆರಂಭಿಸಬಹುದು. ದತ್ತಾಂಶದ ವಿಷಯ ಹಾಗಲ್ಲ. ಡೇಟಾಬೇಸಿನ ಪಾಸ್‌ವರ್ಡನ್ನು ಅದೇ ಯಾಮಲ್ ಕಡತದಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ಕೊಟ್ಟಿರುತ್ತೇವೆ. ಆರು ತಿಂಗಳ ಮೇಲೆ ಭದ್ರತೆಯ ದೃಷ್ಟಿಯಿಂದ ಅಲ್ಲಿ ಅದನ್ನು ಬದಲಿಸಿ, ಕಂಟೇನರುಗಳನ್ನೆಲ್ಲ ಹೊಸದಾಗಿ ಎಬ್ಬಿಸುತ್ತೇವೆ. ಡೈರೆಕ್ಟರಿ ಖಾಲಿಯಾಗಿದ್ದಾಗ ಮಾತ್ರ ಆ ವೇರಿಯಬಲ್ಲಿಗೆ ಬೆಲೆಯುಂಟಾದುದರಿಂದ, ಡೇಟಾಬೇಸು ಹಳೆಯ ಪಾಸ್‌ವರ್ಡನ್ನೇ ಹಿಡಿದು ಕುಳಿತಿರುತ್ತದೆ, ವೆಬ್ ಸೇವೆ ಹೊಸದನ್ನು ಹಿಡಿದು ಹೊರಗೆ ನಿಂತಿರುತ್ತದೆ. ಇಮೇಜಿನ ಟ್ಯಾಗನ್ನು 15 ಎಂಬುದರಿಂದ 16 ಎಂಬುದಕ್ಕೆ ತಿದ್ದುವುದು ಒಂದು ಅಂಕಿಯ ಕೆಲಸ. ಆದರೆ ದತ್ತಾಂಶವನ್ನು ಇಟ್ಟಿರುವ ಹಳೆಯ ವಾಲ್ಯೂಮಿನ ಮೇಲೆ ಹೊಸ ಸರ್ವರು ಏಳಲು ನಿರಾಕರಿಸುತ್ತದೆ, ಏಕೆಂದರೆ 15ನೆಯ ಆವೃತ್ತಿ ಬರೆದಿಟ್ಟ ಕಡತಗಳು 16ನೆಯ ಆವೃತ್ತಿಗೆ ನೇರವಾಗಿ ಒಗ್ಗುವಂಥವಲ್ಲ. ಅವುಗಳನ್ನು ಹೊರತೆಗೆದು ಮರಳಿ ತುಂಬಬೇಕು, ಇಲ್ಲವೆ ಆ ಉದ್ದೇಶಕ್ಕಾಗಿಯೇ ಇರುವ ಉಪಕರಣದಿಂದ ಪರಿವರ್ತಿಸಬೇಕು. ಪೆಟ್ಟಿಗೆಯನ್ನು ಎಸೆದು ಹೊಸದನ್ನಿಡುವುದು ನಿಮಿಷದ ಮಾತೆಂಬ ಹೆಮ್ಮೆ ಇಲ್ಲಿ ಕೆಲಸಕ್ಕೆ ಬಾರದು. ಎಸೆಯಬಾರದಾದದ್ದು ಪೆಟ್ಟಿಗೆಯ ಹೊರಗೆ, ವಾಲ್ಯೂಮಿನಲ್ಲಿ ಇದೆ. ಎರಡೇ ಎರಡು ಸೇವೆಗಳ ಸಂಸಾರದಲ್ಲಿ ಇಷ್ಟು ಅನಿಶ್ಚಯವಿದ್ದರೆ, ಒಂದೊಂದಕ್ಕೂ ಅದರದೇ ಆದ ಡೇಟಾಬೇಸು ಇರಬೇಕೆಂದು ವಿಧಿಸುವ ಹತ್ತು ಸೇವೆಗಳ ಸಂಸಾರದಲ್ಲಿ ಎಷ್ಟಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಉದ್ಯಮಕ್ಕೆ ಈ ಕೊರತೆ ತಿಳಿಯದೆ ಇಲ್ಲ. ತಿಳಿದೇ ಅದು ಉಪಕರಣದ ಮೇಲೆ ಉಪಕರಣವನ್ನು ಹೇರುತ್ತ ಬಂದಿತು. ಲಂಡನ್ನಿನ ಸಣ್ಣ ಸಂಸ್ಥೆಯೊಂದು ಫಿಗ್ ಎಂಬ ಹೆಸರಿನಲ್ಲಿ ಮಾಡಿದ ಉಪಕರಣವನ್ನು ಡಾಕರ್ ಸಂಸ್ಥೆಯು 2014ರಲ್ಲಿ ಕೊಂಡು ಕಂಪೋಸ್ ಎಂದು ಕರೆಯಿತು. 2015ರಲ್ಲಿ ಕುಬರ್ನೆಟಿಸಿಗಾಗಿ ಹೆಲ್ಮ್ ಹುಟ್ಟಿತು. 2018ರಲ್ಲಿ ಡಾಕರ್ ಆ್ಯಪ್ ಎಂಬುದೂ, ಅದೇ ವರ್ಷದ ಡಿಸೆಂಬರಿನಲ್ಲಿ ಡಾಕರ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ಘೋಷಿಸಿದ ಸಿಎನ್‌ಎಬಿ ಎಂಬ ಮಾನದಂಡವೂ ಬಂದವು. ಹಲವು ಕಂಟೇನರುಗಳ ತಂತ್ರಾಂಶವನ್ನು ಒಂದೇ ಗಂಟಾಗಿ ಕಟ್ಟಿ ಒಂದೇ ವಸ್ತುವಿನಂತೆ ಹಂಚಬೇಕೆಂಬುದು ಈ ಕೊನೆಯ ಎರಡರ ಉದ್ದೇಶವಾಗಿದ್ದಿತು. ಕಂಟೇನರುಗಳನ್ನು ಲೋಕಕ್ಕೆ ಹಂಚಿದ ಸಂಸ್ಥೆಯೇ ಐದು ವರ್ಷಗಳ ಮೇಲೆ ಬಂದು, ತಂತ್ರಾಂಶವನ್ನು ಕಟ್ಟುವುದಕ್ಕೆ ಇಮೇಜುಗಳ ಜೊತೆಗೆ ಬೇರೊಂದು ಗಂಟು ಬೇಕೆಂದು ಒಪ್ಪಿಕೊಂಡಿತೆಂದಮೇಲೆ, ಕಂಟೇನರಿನಿಂದಲೇ ಎಲ್ಲವೂ ಸಿದ್ಧಿಸಿತೆಂಬ ವಾದಕ್ಕೆ ಇನ್ನಾವ ಪ್ರಮಾಣ ಉಳಿಯಿತು? ಡಾಕರ್ ಆ್ಯಪ್ ಇಂದು ಬಳಕೆಯಲ್ಲಿಲ್ಲ. ಹೆಲ್ಮ್ ಉಳಿದಿದೆ, ಬಹಳ ಜನಕ್ಕೆ ನೆರವಾಗಿದೆ; ಆದರೆ ಅದು ಮಾಡುವ ಕೆಲಸದ ತಿರುಳು ಯಾಮಲ್ ಪಠ್ಯದಲ್ಲಿ ಖಾಲಿ ಬಿಟ್ಟ ಸ್ಥಳಗಳನ್ನು ತುಂಬಿ ಕುಬರ್ನೆಟಿಸಿಗೆ ಒಪ್ಪಿಸುವುದು. ಒಂದು ಸೇವೆ ಕಳಿಸುವ ಸಂದೇಶವನ್ನು ಇನ್ನೊಂದು ಸೇವೆ ಓದಬಲ್ಲುದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಇನ್ನು ಒಡೆಯುವ ಸಿದ್ಧಾಂತವನ್ನು ನೇರವಾಗಿ ಎದುರಿಸೋಣ. ಅದರ ಪ್ರತಿಪಾದಕರು ಮುಖ್ಯವಾಗಿ ಹೇಳುವುದು, ಸೇವೆಗಳಾಗಿ ಒಡೆದರೆ ತಂತ್ರಾಂಶಕ್ಕೆ ಸ್ಪಷ್ಟವಾದ ಅಂಗವಿಭಾಗ ಬರುವುದೆಂದು. ಅಂಗವಿಭಾಗ ಬೇಕೆಂಬುದರಲ್ಲಿ ವಿವಾದವಿಲ್ಲ. ಡೇವಿಡ್ ಪಾರ್ನಾಸ್ ಅವರು 1972ರ ತಮ್ಮ ಪ್ರಬಂಧದಲ್ಲಿ ಪ್ರೋಗ್ರಾಮನ್ನು ವಿಭಾಗಿಸುವ ಮಾನದಂಡವನ್ನು ಚರ್ಚಿಸುತ್ತ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲಿನೊಳಗೆ ಮರೆಮಾಡಬೇಕೆಂದು ಪ್ರತಿಪಾದಿಸಿದರು. ಆ ಚರ್ಚೆಯಲ್ಲಿ ನೆಟ್‌ವರ್ಕಿನ ಪ್ರಸ್ತಾಪವಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದೇ ಪ್ರೋಗ್ರಾಮಿನೊಳಗೆ ಎಲ್ಲೆ ಕಟ್ಟಿಕೊಳ್ಳಲಾರದ ತಂಡವು ನಡುವೆ ನೆಟ್‌ವರ್ಕನ್ನು ತಂದು ಹಾಕಿಕೊಂಡರೆ ಅದಕ್ಕೆ ಶಿಸ್ತು ಬರುವುದಿಲ್ಲ. ಮೊದಲೇ ಇದ್ದ ಗೊಂದಲವು ಈಗ ತಂತಿಗಳ ಮೇಲೆ ಹರಿಯತೊಡಗುತ್ತದೆ. ಅಲ್ಲದೆ ಆ ನೆಟ್‌ವರ್ಕು ತನ್ನ ಸುಂಕವನ್ನು ತಾನು ವಸೂಲುಮಾಡುತ್ತದೆ. ಒಂದೇ ಪ್ರೋಗ್ರಾಮಿನೊಳಗಿನ ಫಂಕ್ಷನ್ ಕರೆಯು ನ್ಯಾನೋಸೆಕೆಂಡುಗಳಲ್ಲಿ ಮುಗಿಯತಕ್ಕದ್ದು. ಒಂದೇ ಡೇಟಾ ಸೆಂಟರಿನೊಳಗೆ ಹೋಗಿಬರುವ ಸಂದೇಶಕ್ಕೆ ಸುಮಾರು ಅರ್ಧ ಮಿಲಿಸೆಕೆಂಡು ಹಿಡಿಯುತ್ತದೆ. ಕರೆ ಮುಟ್ಟಿತೋ ಇಲ್ಲವೋ, ಮುಟ್ಟಿ ಕೆಲಸ ಮುಗಿದ ಮೇಲೆ ಉತ್ತರ ಮಾತ್ರ ಕಳೆದುಹೋಯಿತೋ ಎಂಬ ಸಂದೇಹವು ಮೊದಲನೆಯದರಲ್ಲಿ ಹುಟ್ಟುವುದೇ ಇಲ್ಲ. ನೆಟ್‌ವರ್ಕು ನಂಬತಕ್ಕದ್ದು, ವಿಳಂಬವೆಂಬುದು ಶೂನ್ಯ ಎಂಬಿವೇ ಮೊದಲಾದ ಭ್ರಮೆಗಳನ್ನು ಸನ್ ಸಂಸ್ಥೆಯ ಪೀಟರ್ ಡಾಯ್ಚ್ ಅವರು 1990ರ ದಶಕದಲ್ಲಿಯೇ ಪಟ್ಟಿಮಾಡಿ ಎಚ್ಚರಿಸಿದ್ದರು. ಇಂದು ಒಡೆಯುವವರು ಅದೇ ಭ್ರಮೆಗಳ ಮೇಲೆ ಅಡಿಪಾಯ ಹಾಕುತ್ತಿದ್ದಾರೆ.

ಲೆಕ್ಕವನ್ನೂ ಮಾಡಿ ನೋಡಬಹುದು. ಒಂದು ಸೇವೆಯು ನೂರಕ್ಕೆ 99.9ರಷ್ಟು ಕಾಲ ಸರಿಯಾಗಿ ನಡೆಯುವುದಾದರೆ ಮೂವತ್ತು ದಿನಗಳ ತಿಂಗಳಲ್ಲಿ ಅದು ನಿಲ್ಲುವುದು ಸುಮಾರು 43 ನಿಮಿಷ. ಗ್ರಾಹಕನ ಒಂದು ಕೋರಿಕೆಯು ಅಂಥ ಹತ್ತು ಸೇವೆಗಳನ್ನು ಹಾದುಹೋಗಬೇಕಾಗಿ, ಅವು ಒಂದರೊಡನೊಂದು ಸಂಬಂಧವಿಲ್ಲದೆ ಕೆಡುವುದಾದರೆ, ಒಟ್ಟು ಲಭ್ಯತೆಯು ನೂರಕ್ಕೆ 99ಕ್ಕೆ ಇಳಿದು, ತಿಂಗಳಿಗೆ ಏಳು ಗಂಟೆಗೂ ಮೀರಿದ ಅವಧಿ ನಷ್ಟವಾಗುತ್ತದೆ. ಇನ್ನು ವ್ಯವಹಾರದ ಅಖಂಡತೆಯನ್ನು ನೋಡಿ: ಸರಕಿನ ದಾಸ್ತಾನನ್ನು ಇಳಿಸುವುದು, ಹಣವನ್ನು ಪಡೆಯುವುದು, ಆದೇಶವನ್ನು ನಮೂದಿಸುವುದು, ಈ ಮೂರೂ ಒಂದೇ ಡೇಟಾಬೇಸಿನಲ್ಲಿದ್ದರೆ ಒಂದೇ ಟ್ರಾನ್ಸ್ಯಾಕ್ಷನ್ನಿನಲ್ಲಿ, ಎಲ್ಲವೂ ಆದವು ಇಲ್ಲವೆ ಒಂದೂ ಆಗಲಿಲ್ಲ ಎಂಬ ಖಚಿತತೆಯಿಂದ ಮುಗಿಯತಕ್ಕವು. ಮೂರು ಸೇವೆಗಳಾಗಿ, ಮೂರು ಡೇಟಾಬೇಸುಗಳಾಗಿ ಒಡೆದ ಮೇಲೆ ಆ ಖಚಿತತೆ ಹೋಗಿ, ಹಣ ಬಂದು ಆದೇಶ ಬಾರದ ಸ್ಥಿತಿಗಳನ್ನು ಹಿಂದಿನಿಂದ ಹುಡುಕಿ ಸರಿಪಡಿಸುವ ಪ್ರೋಗ್ರಾಮುಗಳನ್ನು ಬರೆಯುತ್ತ ಕೂರಬೇಕಾಗುತ್ತದೆ.

ಈ ಮಾರ್ಗವನ್ನು ಹಿಡಿದು ಹಿಂದಿರುಗಿದವರ ಸಾಕ್ಷ್ಯವೂ ಉಂಟು. ಸೆಗ್ಮೆಂಟ್ ಎಂಬ ಅಮೆರಿಕದ ಸಂಸ್ಥೆಯು ದತ್ತಾಂಶವನ್ನು ತಲುಪಿಸಬೇಕಾದ ಒಂದೊಂದು ಗಮ್ಯಸ್ಥಾನಕ್ಕೂ ಒಂದೊಂದು ಸೇವೆಯಂತೆ ನೂರಕ್ಕೂ ಮೀರಿ ಬೆಳೆಸಿ, ಅವೆಲ್ಲವೂ ಹಂಚಿಕೊಂಡಿದ್ದ ಲೈಬ್ರರಿಯ ಆವೃತ್ತಿಗಳು ಒಂದೊಂದರಲ್ಲಿ ಒಂದೊಂದಾಗಿ ಚದುರಿ, ಸಣ್ಣ ತಂಡವು ಅವುಗಳ ಆರೈಕೆಯಲ್ಲಿಯೇ ಬಸವಳಿದಾಗ, ಎಲ್ಲವನ್ನೂ ಮತ್ತೆ ಒಂದು ಸೇವೆಯಾಗಿ ಕೂಡಿಸಿತೆಂದು 2018ರಲ್ಲಿ ತಾನೇ ಪ್ರಕಟಿಸಿತು. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡವು, ವಿಡಿಯೋದ ಗುಣಮಟ್ಟವನ್ನು ಪರೀಕ್ಷಿಸುವ ತನ್ನ ವ್ಯವಸ್ಥೆಯ ಚದುರಿದ ಭಾಗಗಳನ್ನು ಒಂದೇ ಪ್ರಕ್ರಿಯೆಯೊಳಕ್ಕೆ ತಂದು ಆ ಕೆಲಸದ ಯಂತ್ರವೆಚ್ಚವನ್ನು ನೂರಕ್ಕೆ 90ರಷ್ಟು ಇಳಿಸಿತು. ಅಲ್ಲಿ ಮೊದಲಿದ್ದದ್ದು ಸರ್ವರ್‌ಲೆಸ್ ಫಂಕ್ಷನ್ನುಗಳ ಏರ್ಪಾಡಾದುದರಿಂದ ಈ ಉದಾಹರಣೆ ಅನ್ವಯಿಸುವುದಿಲ್ಲವೆಂದು ಕೆಲವರು ಆಕ್ಷೇಪಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಬೋಧಕತೆಯಿರುವುದು ಬೇರೆ ಕಡೆ. ಒಂದಾದ ಆ ಪ್ರಕ್ರಿಯೆಯು ಕಂಟೇನರಿನಲ್ಲಿಯೇ ಓಡುತ್ತಿದ್ದಿತು. ಅವರು ಬಿಟ್ಟದ್ದು ಒಡೆಯುವಿಕೆಯನ್ನು. ಪೆಟ್ಟಿಗೆಯನ್ನು ಉಳಿಸಿಕೊಂಡೇ ಬಿಟ್ಟರು. ಎರಡೂ ಒಂದಕ್ಕೊಂದು ಅಂಟಿಕೊಂಡೇ ಬರತಕ್ಕವೆಂಬ ರೂಢಿಯ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಖಂಡನೆ ಬೇಕಿಲ್ಲ.

ಭದ್ರತೆಯ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಭೀಕರ ದೋಷವು ಬಯಲಾದಾಗ, ಆ ಲೈಬ್ರರಿಯ ಪ್ರತಿಯನ್ನು ತಾನೇ ಹೊತ್ತಿದ್ದ ಒಂದೊಂದು ಇಮೇಜನ್ನೂ ಪತ್ತೆಹಚ್ಚಿ, ಮರಳಿ ಕಟ್ಟಿ, ಮರಳಿ ಇಳಿಸಬೇಕಾಯಿತು. ಬೇಕಾದದ್ದನ್ನೆಲ್ಲ ಒಳಗೇ ಇಟ್ಟುಕೊಳ್ಳುವುದು ಇಮೇಜಿನ ಗುಣ. ಐವತ್ತು ಇಮೇಜುಗಳಿದ್ದಲ್ಲಿ ಅದೇ ಗುಣವು ಐವತ್ತು ಕಡೆ ಹುಡುಕುವ ಭಾರವಾಗುತ್ತದೆ.

ಎದುರಾಳಿಯ ಅತ್ಯಂತ ಪ್ರಬಲವಾದ ವಾದವನ್ನು ಬೇಕೆಂದೇ ಕಡೆಗೆ ಇರಿಸಿಕೊಂಡಿದ್ದೇನೆ. ಸೇವೆಗಳು ಬೇರೆಬೇರೆಯಾಗಿದ್ದರೆ ಒಂದೊಂದು ತಂಡವೂ ಇನ್ನೊಂದನ್ನು ಕಾಯದೆ ತನ್ನ ಕೆಲಸವನ್ನು ಬಳಕೆಗೆ ಇಳಿಸಬಹುದೆಂಬುದು ಆ ವಾದ. ನೂರಾರು ತಂಡಗಳಿರುವ ಸಂಸ್ಥೆಗೆ ಇದು ಜೀವನ್ಮರಣದ ಪ್ರಶ್ನೆ. ಸಂಸ್ಥೆಯೊಳಗಿನ ಮಾತುಕತೆಯ ರಚನೆಯೇ ಅದು ಕಟ್ಟುವ ವ್ಯವಸ್ಥೆಯ ರಚನೆಯಾಗಿ ಒಡಮೂಡುವುದೆಂದು ಮೆಲ್ವಿನ್ ಕಾನ್ವೇ ಅವರು 1968ರಲ್ಲಿ ಹೇಳಿದ್ದು ಅಂಥ ಕಡೆ ಅನುಭವಸಿದ್ಧವಾಗಿದೆ. ಆದರೆ ಒಂದೇ ತಂಡವು ಹತ್ತು ಸೇವೆಗಳನ್ನು ಹೊತ್ತಿರುವ ಕಡೆ, ಯಾರಿಂದ ಯಾರಿಗೆ ಸ್ವಾತಂತ್ರ್ಯ? ಅಲ್ಲಿ ಸ್ವತಂತ್ರವಾಗಿ ಇಳಿಸುವುದೆಂದರೆ, ಹತ್ತು ಸೇವೆಗಳಲ್ಲಿ ಒಂದೊಂದೂ ಹಳೆಯದೋ ಹೊಸದೋ ಆಗಿರಬಹುದಾದ 1024 ಸಂಯೋಗಗಳಲ್ಲಿ ಯಾರೂ ಪರೀಕ್ಷಿಸದ ಒಂದನ್ನು ಗ್ರಾಹಕನ ಮುಂದೆ ಇಡುವುದೆಂದೇ ಅರ್ಥ. ಅನುಭವವುಳ್ಳ ತಂಡಗಳು ಇದಕ್ಕೆ ಹೆದರಿ ಹತ್ತನ್ನೂ ಒಟ್ಟಿಗೆ ಪರೀಕ್ಷಿಸಿ ಒಟ್ಟಿಗೆ ಇಳಿಸತೊಡಗುತ್ತವೆ. ಆಗ ಒಡೆದದ್ದರ ಲಾಭವನ್ನು ಬಿಟ್ಟುಕೊಟ್ಟು ಒಡೆದದ್ದರ ವೆಚ್ಚವನ್ನಷ್ಟೇ ಇಟ್ಟುಕೊಂಡಂತಾಯಿತು.

ಈ ವೆಚ್ಚವು ಯಂತ್ರಗಳ ಬಾಡಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದಲ್ಲವೆಂಬುದೇ ನನ್ನನ್ನು ಹೆಚ್ಚು ಕಳವಳಗೊಳಿಸುವ ಸಂಗತಿ. ಆನ್-ಕಾಲ್ ಪಾಳಿಯ ತರುಣಿಯೊಬ್ಬಳು ನಡುರಾತ್ರಿಯಲ್ಲಿ ಎದ್ದು, ಗ್ರಾಹಕನ ಒಂದು ಕೋರಿಕೆ ಎಲ್ಲಿ ಸಿಕ್ಕಿಕೊಂಡಿದೆಯೆಂದು ಹತ್ತು ಸೇವೆಗಳ ಲಾಗುಗಳಲ್ಲಿ ಹುಡುಕುತ್ತಾಳೆ; ಒಂದೇ ಪ್ರೋಗ್ರಾಮಾಗಿದ್ದರೆ ಒಂದೇ ಸ್ಟ್ಯಾಕ್ ಟ್ರೇಸ್ ಅವಳಿಗೆ ಆ ಸ್ಥಳವನ್ನು ಬೆರಳಿಟ್ಟು ತೋರಿಸುತ್ತಿದ್ದಿತು. ವಿದ್ಯೆಯಲ್ಲಿಯೂ ಶ್ರದ್ಧೆಯಲ್ಲಿಯೂ ಕಡಿಮೆಯಿಲ್ಲದ ಇಂಥವರ ಆಯುಸ್ಸಿನ ಉತ್ತಮ ಭಾಗವು, ಯಾವ ಗ್ರಾಹಕನೂ ಕೇಳದ ಸಂಕೀರ್ಣತೆಯ ಸೇವೆಯಲ್ಲಿ ಸವೆದುಹೋಗುತ್ತಿರುವುದನ್ನು ನೋಡಿ ಸುಮ್ಮನಿರುವುದು ಸರಿಯೆಂದು ನನಗೆ ತೋರುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ತಂತ್ರಾಂಶವು ಒಳಗೆ ಮಾಡ್ಯೂಲುಗಳಾಗಿ ವಿಭಾಗಗೊಂಡಿರಲಿ, ಹೊರಗೆ ಒಂದೇ ಇಮೇಜಾಗಿ ಇಳಿಯಲಿ. ವೆಬ್ ಕೋರಿಕೆಗಳಿಗೂ ಹಿನ್ನೆಲೆಯ ಕೆಲಸಗಳಿಗೂ ಬೇರೆಬೇರೆ ಪ್ರಕ್ರಿಯೆಗಳು ಬೇಕಾದಲ್ಲಿ ಅದೇ ಇಮೇಜನ್ನು ಎರಡು ಆಜ್ಞೆಗಳಿಂದ ಎಬ್ಬಿಸಿದರೆ ಸಾಕು. ಡೇಟಾಬೇಸಿನಂಥ ಅನಿವಾರ್ಯ ಸಂಗಾತಿಗಳ ಇಮೇಜುಗಳನ್ನು ಇಂದೊಂದು ನಾಳೆಯೊಂದಾಗುವ 'ಲೇಟೆಸ್ಟ್' ಟ್ಯಾಗಿನಿಂದ ಕರೆಯದೆ, ಬದಲಾಗಲಾರದ ಡೈಜೆಸ್ಟಿನಿಂದ ಗುರುತಿಸಿ, ಆ ಸಮಗ್ರ ಸಮೂಹಕ್ಕೆ ಒಂದೇ ಆವೃತ್ತಿಯ ಹೆಸರಿಟ್ಟು, ಒಟ್ಟಿಗೆ ಪರೀಕ್ಷಿಸಿದ್ದನ್ನು ಒಟ್ಟಿಗೇ ಇಳಿಸಬೇಕು. ಡೇಟಾಬೇಸಿನ ರಚನೆಯ ಬದಲಾವಣೆಯೂ ಆ ಆವೃತ್ತಿಯ ಅಂಗವೇ. ಮೊದಲು ಹೊಸ ಕಾಲಮ್ಮನ್ನು ಸೇರಿಸಿ, ಹಳೆಯ ಪ್ರೋಗ್ರಾಮು ಮರೆಯಾದ ಮೇಲೆ ಹಳೆಯ ಕಾಲಮ್ಮನ್ನು ತೆಗೆಯುವ ಕ್ರಮವನ್ನು ಅನುಸರಿಸಿದರೆ ಹಿಂದಿನ ಆವೃತ್ತಿಗೆ ಮರಳುವ ದಾರಿ ತೆರೆದಿರುತ್ತದೆ. ಯಾವುದಾದರೊಂದು ಭಾಗವನ್ನು ಪ್ರತ್ಯೇಕ ಸೇವೆಯಾಗಿ ಹೊರಗಿಡಬೇಕೆಂದು ಯಾರಾದರೂ ಸೂಚಿಸಿದಾಗ, ಆ ಭಾಗದ ಮೇಲೆ ಬೀಳುವ ಹೊರೆ ಉಳಿದದ್ದಕ್ಕಿಂತ ಎಷ್ಟು ಪಟ್ಟು ಹೆಚ್ಚು, ಅದನ್ನು ನಡೆಸುವ ಬೇರೆ ತಂಡ ಯಾವುದು, ಅದು ನಿಂತಾಗ ಉಳಿದದ್ದು ಹೇಗೆ ನಡೆಯತಕ್ಕದ್ದು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ನಾಳೆ ತಂತ್ರಾಂಶ ಬೆಳೆದಾಗ ಒಡೆಯಲೇಬೇಕಾದೀತು, ಇಂದೇ ಒಡೆದಿಟ್ಟರೆ ಆ ಶ್ರಮ ಉಳಿಯುವುದಲ್ಲವೆ ಎಂದು ಕೇಳುವವರುಂಟು. ಮೈಕ್ರೋಸರ್ವಿಸ್ ಎಂದು ಹೆಸರಾದ ಈ ಒಡೆಯುವ ಪದ್ಧತಿಯನ್ನು 2014ರಲ್ಲಿ ವಿವರಿಸಿ ಬರೆದ ಇಬ್ಬರಲ್ಲಿ ಒಬ್ಬರಾದ ಮಾರ್ಟಿನ್ ಫೌಲರ್ ಅವರೇ, ಮರುವರ್ಷ, ಮೊದಲು ಒಂದಾಗಿಯೇ ಕಟ್ಟಿರೆಂದು ಸಲಹೆಯಿತ್ತರು. ಅದಕ್ಕೆ ಆಧಾರವಾದ ಕಾರಣ ಸ್ಪಷ್ಟವಾಗಿದೆ. ತಂತ್ರಾಂಶವನ್ನು ಎಲ್ಲಿ ಕತ್ತರಿಸಬೇಕೆಂಬುದು ಕೆಲವು ಕಾಲ ಅದನ್ನು ಜನರು ಬಳಸಿದ ಮೇಲೆಯೇ ಗೋಚರಿಸತಕ್ಕದ್ದು. ಒಂದೇ ಪ್ರೋಗ್ರಾಮಿನೊಳಗೆ ತಪ್ಪಾಗಿ ಎಳೆದ ಗೆರೆಯನ್ನು ಅಳಿಸುವುದು ಒಬ್ಬ ಇಂಜಿನಿಯರು ಒಂದು ಎಡಿಟರಿನಲ್ಲಿ ಮಾಡಿ ಮುಗಿಸುವ ಕೆಲಸ. ಎರಡು ಸೇವೆಗಳ ನಡುವೆ ತಪ್ಪಾಗಿ ಎಳೆದ ಗೆರೆಯನ್ನು ಅಳಿಸಬೇಕಾದರೋ ಎರಡು ಡೇಟಾಬೇಸುಗಳನ್ನು ಬೆಸೆಯಬೇಕು, ಆ ಸೇವೆಗಳನ್ನು ಕರೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮನ್ನೂ ತಿದ್ದಬೇಕು, ತಿದ್ದುಪಡಿ ಮುಗಿಯುವವರೆಗೆ ಹಳೆಯ ಮತ್ತು ಹೊಸ ಸಂದೇಶರೂಪಗಳೆರಡನ್ನೂ ಜೀವಂತವಾಗಿ ಇರಿಸಬೇಕು.